ಖಾಲಿ ತೊಟ್ಟಿ ದಿನ ಕಳೆದ ಮಾತ್ರಕ್ಕೆ ಪಕ್ವವಾಗದು

ಸಿಕ್ಲಿಡ್ ಜಾತಿಯ ಮೀನು ಸಾಕಲು ಹೊರಟವರಲ್ಲಿ ಹಲವರು ನನ್ನ ಬಳಿ ಬರುವ ಹೊತ್ತಿಗೆ ತೊಟ್ಟಿ, ಕ್ಯಾನಿಸ್ಟರ್ ಫಿಲ್ಟರ್, ಕಲ್ಲು, ದೀಪ ಎಲ್ಲವನ್ನೂ ಕೊಂಡಿರುತ್ತಾರೆ. ನೀರು ತುಂಬಿಸಿ ತಿಂಗಳಿನಿಂದ ಫಿಲ್ಟರನ್ನು ಓಡಿಸಿಯೂ ಇರುತ್ತಾರೆ. "ಸೈಕಲ್ ಮುಗಿದಿದೆ ಸಾರ್, ಇನ್ನು ಮೀನು ಬಿಡಬಹುದಲ್ಲವೇ?" ಎಂದು ಅವರು ಕೇಳುತ್ತಾರೆ. ಸೈಕಲ್ ಎಂದರೆ ಮೀನಿನ ತ್ಯಾಜ್ಯವನ್ನು ನಿಭಾಯಿಸುವ ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ನೆಲೆಯೂರುವುದು. ಆಗ ನಾನು ಕೇಳುವ ಮರುಪ್ರಶ್ನೆ ಒಂದೇ: ಈ ತಿಂಗಳಲ್ಲಿ ತೊಟ್ಟಿಗೆ ಏನು ಹಾಕಿದಿರಿ? ಏನೂ ಇಲ್ಲವೆಂಬುದೇ ಬಹುತೇಕ ಸಿಗುವ ಉತ್ತರ. ಹಾಗಿದ್ದರೆ ಆ ತೊಟ್ಟಿಗೂ ಈ ದಿನ ಬೆಳಿಗ್ಗೆ ನೀರು ತುಂಬಿದ ತೊಟ್ಟಿಗೂ ಮೀನಿನ ಪಾಲಿಗೆ ಹೆಚ್ಚಿನ ವ್ಯತ್ಯಾಸವಿಲ್ಲ.

ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಮೊದಲ ಎರಡೂ ವಿಷ; ಮೂರನೆಯದನ್ನು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ ಹತೋಟಿಯಲ್ಲಿ ಇಡಬಹುದು. ಇಷ್ಟನ್ನು ಬಹಳಷ್ಟು ಜನ ತಿಳಿದೇ ಬಂದಿರುತ್ತಾರೆ. ಆದರೆ ಆ ಬ್ಯಾಕ್ಟೀರಿಯಾಕ್ಕೆ ಅಮೋನಿಯಾವೇ ಆಹಾರ, ಅದು ಇಲ್ಲದ ಕಡೆ ಬ್ಯಾಕ್ಟೀರಿಯಾ ಹೆಚ್ಚುವುದಿಲ್ಲ ಎಂಬುದು ಮಾತ್ರ ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯುವುದಿಲ್ಲ. ಅಂಗಡಿಯಿಂದ ಬಾಟಲಿ ಬ್ಯಾಕ್ಟೀರಿಯಾ ತಂದು ಖಾಲಿ ತೊಟ್ಟಿಗೆ ಸುರಿಯುವುದು ಹಾಲಿಲ್ಲದ ಪಾತ್ರೆಗೆ ಹೆಪ್ಪು ಹಾಕಿದ ಹಾಗೆ. ಸಾಮಾನ್ಯವಾಗಿ ಹೇಳುವ ನಾಲ್ಕರಿಂದ ಆರು ವಾರಗಳ ಲೆಕ್ಕ, ಅಮೋನಿಯಾ ಸಿಗುತ್ತಿರುವ ತೊಟ್ಟಿಗೆ ಮಾತ್ರ ಅನ್ವಯಿಸುತ್ತದೆ.

ಬೇರೆ ಮೀನುಗಳ ವಿಷಯದಲ್ಲಿ ಈ ತಪ್ಪನ್ನು ಅರ್ಧದಷ್ಟಾದರೂ ಸರಿಪಡಿಸಿಕೊಳ್ಳಬಹುದು. ವಾರಕ್ಕೆ ಎರಡೋ ಮೂರೋ ಮೀನು ಬಿಡುತ್ತಾ ಹೋದರೆ ಬ್ಯಾಕ್ಟೀರಿಯಾವೂ ಅದೇ ಗತಿಯಲ್ಲಿ ಹೆಚ್ಚಿಕೊಳ್ಳುತ್ತದೆ. ಆಫ್ರಿಕಾದ ಮಲಾವಿ ಸರೋವರದ ಎಂಬೂನಾ ಸಿಕ್ಲಿಡ್‌ಗಳಿಗೆ ಈ ದಾರಿ ಹಿಡಿಸುವುದಿಲ್ಲ. ಬಂಡೆಗಳ ನಡುವೆ ತನ್ನ ಜಾಗವನ್ನು ಗುರುತಿಸಿಕೊಂಡ ಗಂಡು, ತಡವಾಗಿ ಬಂದ ಮೀನನ್ನು ಸಾಯುವವರೆಗೂ ಅಟ್ಟಬಲ್ಲದು. ಆದ್ದರಿಂದ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಹಾಗೂ ಅಷ್ಟೇ ಎತ್ತರವಿರುವ, ಸುಮಾರು 250 ಲೀಟರ್ ಹಿಡಿಯುವ ತೊಟ್ಟಿಗೆ, ಒಂದೇ ಅಳತೆಯ 15ರಿಂದ 20 ಮರಿಗಳನ್ನು ಒಂದೇ ದಿನ ಬಿಡಬೇಕೆಂಬುದು ನನ್ನ ಸಲಹೆ. ಬೆಳೆದ ಮೇಲೆ ಹೆಚ್ಚುವರಿ ಗಂಡುಗಳನ್ನು ತೆಗೆಯಬೇಕಾದೀತು. ಹೀಗೆ ಒಟ್ಟಿಗೆ ಬಿಟ್ಟಾಗ ಇಡೀ ಗುಂಪಿನ ಅಮೋನಿಯಾ ಮೊದಲ ದಿನವೇ ಬಂದು ಬೀಳುತ್ತದೆ.

ನೀರಿನ ಗುಣವೂ ಇಲ್ಲಿ ನಮಗೆ ವಿರುದ್ಧವಾಗಿದೆ. ಮಲಾವಿ ಮೀನಿಗೆ ಪಿಎಚ್ 7.8ರಿಂದ 8.6ರವರೆಗಿನ ಕ್ಷಾರೀಯ ನೀರು ಬೇಕು. ಬೆಂಗಳೂರಿನ ಸುತ್ತಲಿನ ಅನೇಕ ಬೋರ್‌ವೆಲ್‌ಗಳ ಗಡಸು ನೀರು ಅದಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಅಮೋನಿಯಾದ ಒಟ್ಟು ಪ್ರಮಾಣದಲ್ಲಿ ಮೀನನ್ನು ಕೊಲ್ಲುವ ರೂಪದ ಪಾಲು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಶೇ. 0.6ರಷ್ಟಿದ್ದರೆ ಪಿಎಚ್ 8 ಇದ್ದಾಗ ಶೇ. 5ನ್ನು ದಾಟುತ್ತದೆ. ನೀರು ಪರೀಕ್ಷಿಸುವ ಕಿಟ್ ಇಂಥ ಎರಡೂ ತೊಟ್ಟಿಗಳಲ್ಲಿ ಒಂದೇ ಬಣ್ಣ ತೋರಿಸಿದರೂ ಸಿಕ್ಲಿಡ್ ತೊಟ್ಟಿಯಲ್ಲಿ ಅಪಾಯ ಸುಮಾರು ಒಂಬತ್ತು ಪಟ್ಟು ಹೆಚ್ಚು. ಇದಕ್ಕೆ ಹೆದರಿ, ಪಿಎಚ್ ತಗ್ಗಲೆಂದು ಲವಣ ತೆಗೆದ ಆರ್‌ಒ ನೀರು ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿಸುವಾಗ ನೀರಿನ ಕಾರ್ಬೊನೇಟ್ ಖರ್ಚಾಗುತ್ತದೆ, ಆರ್‌ಒ ನೀರಿನಲ್ಲಿ ಖರ್ಚಿಗೆ ಅದು ಇರುವುದೇ ಇಲ್ಲ, ಪಿಎಚ್ ಕುಸಿದು ಬ್ಯಾಕ್ಟೀರಿಯಾದ ಕೆಲಸವೂ ನಿಲ್ಲುತ್ತದೆ.

ಮೈಸೂರಿನ ಒಂದು ಮನೆಯವರು ಒಂದೂವರೆ ತಿಂಗಳು ತಾಳ್ಮೆಯಿಂದ ಕಾದು ಎಂಬೂನಾಗಳಲ್ಲೇ ಒಂದಾದ ಹಳದಿ ಲ್ಯಾಬಿಡೊಕ್ರೊಮಿಸ್ ಮರಿಗಳನ್ನು ತಂದಿದ್ದರು. ನಾಲ್ಕನೆಯ ದಿನ ಮರಿಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದಾಗ ನನ್ನನ್ನು ಕರೆಸಿದರು. ಹೈಸ್ಕೂಲಿಗೆ ಹೋಗುವ ಮಗಳು ದಿನವೂ ಉಷ್ಣತೆ ಮತ್ತು ಪಿಎಚ್ ಬರೆದಿಟ್ಟ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು, "ಅಂಕಲ್, ನೀರು ಇಷ್ಟು ತಿಳಿಯಾಗಿದೆಯಲ್ಲ?" ಎಂದಳು. ಅಷ್ಟು ಶ್ರದ್ಧೆಯ ಬರಹದಲ್ಲಿ ಅಮೋನಿಯಾದ ಕಾಲಮ್ ಮಾತ್ರ ಇರಲಿಲ್ಲ, ಏಕೆಂದರೆ ಅವರಿಗೆ ಮಾರಿದ ಕಿಟ್‌ನಲ್ಲಿ ಆ ಪರೀಕ್ಷೆಯೇ ಇರಲಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ತಿಳಿನೀರು ಅದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಅರ್ಧ ನೀರು ಬದಲಿಸಿ, ಬಹುಕಾಲದಿಂದ ನಡೆಯುತ್ತಿರುವ ಆರೋಗ್ಯವಂತ ತೊಟ್ಟಿಯೊಂದರ ಸ್ಪಂಜನ್ನು ತಂದು ಅವರ ಫಿಲ್ಟರಿಗೆ ಹಾಕಿದೆವು. ಹಳೆಯ ತೊಟ್ಟಿಯ ನೀರನ್ನಷ್ಟೇ ತಂದಿದ್ದರೆ ಹೆಚ್ಚು ಉಪಯೋಗವಾಗುತ್ತಿರಲಿಲ್ಲ, ಬ್ಯಾಕ್ಟೀರಿಯಾ ನೆಲೆಸುವುದು ಸ್ಪಂಜು, ಕಲ್ಲು, ಮರಳುಗಳ ಮೈಮೇಲೆ. ಹೆಚ್ಚಿನ ಮರಿಗಳು ಉಳಿದವು, ಕೆಲವು ಉಳಿಯಲಿಲ್ಲ.

ಆದ್ದರಿಂದ ದಿನ ಎಣಿಸುವ ಬದಲು ಅಳೆಯಿರಿ. ಬೇರೇನೂ ಬೆರೆಸದ ಅಮೋನಿಯಂ ಕ್ಲೋರೈಡ್ ಪುಡಿಯನ್ನು ಕೆಮಿಕಲ್ ಅಂಗಡಿಯಿಂದ ತನ್ನಿ. 250 ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಕಲ್ಲು, ಮರಳು ಹಿಡಿದ ಜಾಗದಿಂದ ನೀರಿನ ಪ್ರಮಾಣ ಕಡಿಮೆಯಾಗುವುದರಿಂದ ಕಿಟ್‌ನಿಂದ ಖಚಿತಪಡಿಸಿಕೊಂಡೇ ಮುಂದುವರಿಯುವುದು ಒಳ್ಳೆಯದು. ಅಮೋನಿಯಾ ಸೊನ್ನೆಗೆ ಇಳಿದಾಗಲೆಲ್ಲ ಪುಡಿಯನ್ನು ಮತ್ತೆ ಹಾಕಿ. ಮಧ್ಯದಲ್ಲಿ ನೈಟ್ರೈಟ್ ಏರಿ ವಾರಗಟ್ಟಲೆ ನಿಂತರೆ ಗಾಬರಿ ಬೇಡ, ಬ್ಯಾಕ್ಟೀರಿಯಾದ ಎರಡನೆಯ ಗುಂಪು ತಡವಾಗಿಯೇ ಬೆಳೆಯುತ್ತದೆ. ಹಾಕಿದ ಅಷ್ಟೂ ಅಮೋನಿಯಾ 24 ಗಂಟೆಗಳಲ್ಲಿ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆ ತೋರಿದ ದಿನ ತೊಟ್ಟಿ ಸಿದ್ಧ. ಆಗ ಸೇರಿಕೊಂಡಿರುವ ನೈಟ್ರೇಟ್ ಹೋಗಲು ಮುಕ್ಕಾಲು ಭಾಗ ನೀರನ್ನು ಕ್ಲೋರಿನ್ ತೆಗೆದ ನೀರಿನಿಂದ ಬದಲಿಸಿ ಮರಿಗಳನ್ನು ಬಿಡಬಹುದು. ಅಂಗಡಿಯವರು ಮೀನು ಬರುವುದು ಇನ್ನೊಂದು ವಾರವೆಂದರೆ ಆ ವಾರವೂ ಪುಡಿ ಹಾಕುವುದನ್ನು ನಿಲ್ಲಿಸಬೇಡಿ. ನೀರು ಬದಲಿಸುವ ಕೆಲಸವನ್ನು ಮೀನು ಬರುವ ದಿನಕ್ಕೇ ಇಟ್ಟುಕೊಳ್ಳಿ.