ಎಣಿಕೆ ತಪ್ಪುವ ಪೆಟ್ಟಿಗೆ

1950ರ ದಶಕದಲ್ಲಿ ಅಮೆರಿಕದ ಸಣ್ಣ ಹೋಟೆಲ್‌ಗಳಲ್ಲಿ ಮೇಜಿನ ಪಕ್ಕದ ಗೋಡೆಗೆ ಒಂದು ಮಿರಮಿರ ಮಿಂಚುವ ಪೆಟ್ಟಿಗೆ ಇರುತ್ತಿತ್ತು. ಕಾಸು ಹಾಕಿ, ಹಾಡಿನ ಪಟ್ಟಿ ಮಗುಚಿ, ಒಂದು ಅಕ್ಷರ ಮತ್ತು ಒಂದು ಅಂಕಿ ಒತ್ತಿದರೆ ಆಯ್ತು. ಮೂಲೆಯಲ್ಲಿದ್ದ ಜೂಕ್‌ಬಾಕ್ಸ್ ಎಂಬ ರೆಕಾರ್ಡ್ ಯಂತ್ರ ಆ ಹಾಡು ನುಡಿಸುತ್ತಿತ್ತು. ಈ ಪೆಟ್ಟಿಗೆಗೆ ವಾಲ್‌ಬಾಕ್ಸ್ ಎನ್ನುತ್ತಾರೆ. ಇದರೊಳಗೆ ರೆಕಾರ್ಡೂ ಇಲ್ಲ, ಮುಳ್ಳೂ ಇಲ್ಲ. ಇದಕ್ಕೆ ಗೊತ್ತಿರುವುದು ಎಣಿಸುವುದೊಂದೇ. ಹಾಗಾಗಿ ಹಳೇ ವಾಲ್‌ಬಾಕ್ಸ್ ಕೆಟ್ಟಿದೆ ಅಂದರೆ ಬಹಳ ಸಲ ಅದರ ಎಣಿಕೆ ತಪ್ಪಿದೆ ಎಂದರ್ಥ.

ಶಿಕಾಗೋದ ಸೀಬರ್ಗ್ ಕಂಪನಿಯ 3ಡಬ್ಲ್ಯೂ1 ಮಾದರಿಯನ್ನೇ ನೋಡಿ. ಹತ್ತು ಅಕ್ಷರ, ಹತ್ತು ಅಂಕಿ, ಒಟ್ಟು 100 ಹಾಡು. ಅಕ್ಷರಗಳು ಎ ಇಂದ ಕೆ ತನಕ, ಆದರೆ ಐ ಇಲ್ಲ. ಅದು ನೋಡಲು 1ರ ಹಾಗೇ ಇರುತ್ತದಲ್ವಾ! ಪ್ರತಿ ಮೇಜಿನಿಂದ 100 ತಂತಿ ಎಳೆಯಲು ಯಾರಿಂದಾಗುತ್ತದೆ? ಅದಕ್ಕೇ ಬಡಿತಗಳ ಭಾಷೆ ಬಂತು. ಕೀ ಒತ್ತಿದ ಕೂಡಲೇ ಒಳಗಿನ ಮೋಟಾರ್ ಒಂದು ತೋಳನ್ನು ಸುತ್ತಿಸುತ್ತದೆ. ತೋಳು ಸುತ್ತ ಜೋಡಿಸಿದ ಲೋಹದ ಗುಂಡಿಗಳನ್ನು ಒಂದೊಂದಾಗಿ ಸವರುತ್ತಾ ಹೋಗುತ್ತದೆ. ಸವರಿದಾಗಲೆಲ್ಲ ತಂತಿಯಲ್ಲಿ ಒಂದು ವಿದ್ಯುತ್ ಬಡಿತ. ಮೊದಲು ಒಂದು ಗುಂಪು, ಸ್ವಲ್ಪ ಬಿಡುವು, ಮತ್ತೆ ಇನ್ನೊಂದು ಗುಂಪು. ಹಳೇ ಡಯಲ್ ಫೋನಿನಲ್ಲಿ ನಂಬರ್ ತಿರುಗಿಸಿದ ಹಾಗೆ. ಜೂಕ್‌ಬಾಕ್ಸ್ ಎರಡೂ ಗುಂಪುಗಳನ್ನು ಎಣಿಸಿ ಹಾಡು ಹುಡುಕುತ್ತದೆ.

ಈಗ ಒಂದು ಗುಂಡಿಯ ಮೇಲೆ ಕಪ್ಪು ಪೊರೆ ಕಟ್ಟಿದೆ ಎಂದುಕೊಳ್ಳಿ. ಒಂದು ಬಡಿತ ತಪ್ಪಿಹೋಯಿತು. ನೀವು ಕೇಳಿದ್ದು ಒಂದು ಹಾಡು, ಬರುವುದು ಇನ್ನೊಂದು. ಪ್ರತಿಸಲವೂ ಒಂದೇ ಥರ ತಪ್ಪಿದರೆ ಯಾವುದೋ ಒಂದು ಗುಂಡಿ ಕೊಳೆಯಾಗಿದೆ. ಒಮ್ಮೆ ಹೀಗೆ, ಒಮ್ಮೆ ಹಾಗೆ ಆದರೆ ತೋಳಿನ ಸ್ಪ್ರಿಂಗ್ ಸಡಿಲಾಗಿರಬಹುದು, ಇಲ್ಲವೇ ಗ್ರೀಸ್ ಗಟ್ಟಿಯಾಗಿ ಮೋಟಾರ್ ಮುಗ್ಗರಿಸುತ್ತಿರಬಹುದು. ಗುಂಡಿಗಳಿಗೆ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಗೀರು ಬಿದ್ದು ಇನ್ನೂ ಬೇಗ ಕೊಳೆ ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಗಟ್ಟಿ ಕಾಗದದ ಪಟ್ಟಿಯಿಂದ ಒರೆಸಿದರೆ ಸಾಕು. ಹಳೇ ಗ್ರೀಸ್ ಮೇಲೆ ಸುಮ್ನೆ ಎಣ್ಣೆ ಬಿಡುವುದೂ ಬೇಡ. ಅದನ್ನು ಪೂರ್ತಿ ತೆಗೆದು ಹೊಸದು ಹಚ್ಚಿ.

ಇನ್ನೊಂದು ಮಾತು, ಇದು ಮುಖ್ಯ. ಈ ಪೆಟ್ಟಿಗೆ ಓಡುವುದು ಸುಮಾರು 25 ವೋಲ್ಟ್ ಎಸಿಯಲ್ಲಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನಲ್ಲಿ. ಅದನ್ನು ಜೂಕ್‌ಬಾಕ್ಸ್ ಕಡೆಯ ಟ್ರಾನ್ಸ್‌ಫಾರ್ಮರ್ ಕೊಡುತ್ತಿತ್ತು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಅಲ್ಲಿಗೆ ಕಥೆ ಮುಗೀತು. ಸರಿಯಾದ ಟ್ರಾನ್ಸ್‌ಫಾರ್ಮರ್ ತಂದು, ಫ್ಯೂಸ್ ಹಾಕಿ, ರಬ್ಬರ್ ಉದುರುತ್ತಿರುವ ತಂತಿಗಳನ್ನು ಬದಲಿಸಿ, ಆಮೇಲೆ ಕರೆಂಟ್ ಕೊಡಿ.

ಮಾದರಿ ಗುರುತಿಸುವುದು ಅಷ್ಟು ಕಷ್ಟವಲ್ಲ. ಒಳಗೋ ಹಿಂದೆಯೋ ಇರುವ ತಗಡಿನ ಮೇಲೆ ನಂಬರ್ ಹುಡುಕಿ. ಸಿಗದಿದ್ದರೆ ಕೀಗಳನ್ನು ಎಣಿಸಿ. ಸೀಬರ್ಗ್‌ನಲ್ಲಿ ಹತ್ತು ಅಕ್ಷರ, ಹತ್ತು ಅಂಕಿ ಅಂದರೆ 100 ಹಾಡಿನದು, ಇಪ್ಪತ್ತು ಅಕ್ಷರ, ಹತ್ತು ಅಂಕಿ ಅಂದರೆ 200 ಹಾಡಿನದು. ವುರ್ಲಿಟ್ಜರ್, ರಾಕ್-ಓಲಾ, ಎಎಂಐ ಪೆಟ್ಟಿಗೆಗಳ ಎಣಿಕೆಯೇ ಬೇರೆ. ಅಂದ ನೋಡಿ ಒಂದು ಕಂಪನಿಯ ವಾಲ್‌ಬಾಕ್ಸ್ ಕೊಂಡು ಇನ್ನೊಂದರ ಜೂಕ್‌ಬಾಕ್ಸಿಗೆ ಜೋಡಿಸಲು ಹೊರಟರೆ ಪೇಚಾಟವೇ ಜಾಸ್ತಿ.

ನನಗೆ ತುಂಬಾ ಹಿಡಿಸುವುದು ಕಾಸು ಪರೀಕ್ಷಿಸುವ ವಿದ್ಯೆ. ಆ ಕಾಲದ ಕಾಸು ನುಂಗುವ ಯಂತ್ರಗಳು ಗಾತ್ರ, ತೂಕ ಮಾತ್ರ ನೋಡುತ್ತಿರಲಿಲ್ಲ. ಕಾಸು ಉರುಳುವ ದಾರಿಯಲ್ಲಿ ಒಂದು ಆಯಸ್ಕಾಂತವೂ ಇರುತ್ತಿತ್ತು. ಕಬ್ಬಿಣದ ಬಿಲ್ಲೆ ಅಲ್ಲೇ ಅಂಟಿಕೊಳ್ಳುತ್ತದೆ. ತಾಮ್ರ, ಬೆಳ್ಳಿ ಅಂಟುವುದಿಲ್ಲ. ಆದರೆ ಆಯಸ್ಕಾಂತದ ಮುಂದೆ ಹಾಯುವಾಗ ಅವುಗಳೊಳಗೆ ಸುಳಿಯಂಥ ಕರೆಂಟ್ ಹುಟ್ಟಿ, ವೇಗ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎನ್ನುವುದು ಲೋಹದ ಮೇಲೆ ನಿಂತಿದೆ. ಅದರಿಂದ ಅಸಲಿ ಕಾಸು ಒಂದು ಕಡೆ ಜಿಗಿಯುತ್ತದೆ, ಖೋಟಾ ಇನ್ನೊಂದು ಕಡೆ ಬೀಳುತ್ತದೆ. ಯುದ್ಧಕಾಲದಲ್ಲಿ, 1942ರಿಂದ 1945ರವರೆಗೆ, ಅಮೆರಿಕ ತನ್ನ 5 ಸೆಂಟ್ ನಾಣ್ಯದಿಂದ ನಿಕಲ್ ತೆಗೆಯಿತು. ಬದಲಿಗೆ ತಾಮ್ರ, 35% ಬೆಳ್ಳಿ, 9% ಮ್ಯಾಂಗನೀಸ್ ಬೆರೆಸಿತು. ಈ ಯಂತ್ರಗಳು ಹೊಸ ಕಾಸನ್ನು ಉಗುಳಬಾರದು ಎಂದು ನೋಡಿಕೊಂಡೇ ಮಿಶ್ರಣ ಆರಿಸಿದ್ದರು. ಸರ್ಕಾರವೇ ಯಂತ್ರದ ಮಾತು ಕೇಳಬೇಕಾಯಿತು!

ಜೂಕ್‌ಬಾಕ್ಸ್ ಇಲ್ಲದವರು ಈಗ ವಾಲ್‌ಬಾಕ್ಸನ್ನು ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರಿಗೆ ಜೋಡಿಸುತ್ತಾರೆ. ಬಡಿತ ಎಣಿಸಿ ಫೋನಿನ ಹಾಡು ನುಡಿಸುವುದು ಅದರ ಕೆಲಸ. ಇಲ್ಲೂ ಹುಷಾರು. ಪೈ ಪಿನ್ ತಡೆಯುವುದು 3.3 ವೋಲ್ಟ್ ಮಾತ್ರ, ಆದ್ದರಿಂದ ನಡುವೆ ಆಪ್ಟೋಕಪ್ಲರ್, ಅಂದರೆ ಬೆಳಕಿನ ಮೂಲಕ ಸಂಕೇತ ದಾಟಿಸಿ ಎರಡು ಕಡೆಯ ಕರೆಂಟನ್ನು ಬೇರೆ ಬೇರೆ ಇಡುವ ಬಿಡಿಭಾಗ, ಬೇಕೇ ಬೇಕು. ಪೆಟ್ಟಿಗೆಯಿಂದ ಬರುವುದು ಎಸಿ. ಅದು ಪ್ರತಿ ಬಡಿತದೊಳಗೂ ಏರಿಳಿಯುತ್ತಲೇ ಇರುತ್ತದೆ. ಹಾಗಾಗಿ ಒಂದು ಬಡಿತ ಕಂಡ ಮೇಲೆ ಕೆಲವು ಮಿಲಿಸೆಕೆಂಡ್ ಕಾದು, ಅದು ನಿಜವಾಗಿ ನಿಂತಿದೆಯೇ ನೋಡಿ ಮುಂದಿನದನ್ನು ಎಣಿಸುವಂತೆ ಪ್ರೋಗ್ರಾಂ ಬರೆಯಬೇಕು. ಇಲ್ಲದಿದ್ದರೆ ಹೊಸ ಕಂಪ್ಯೂಟರ್ ಕೂಡ ಒಂದನ್ನೇ ನಾಲ್ಕು ಎಂದು ಎಣಿಸಿಬಿಡುತ್ತದೆ.