ಪಿವಿ ಎಷ್ಟು ಮಾಡಬೇಕು ಎಂದು ಕೇಳುವವರಿಗೆ

ಪ್ರಶ್ನೆ: ಮುಂದಿನ ವಾರದಿಂದ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ) ಪೋಸ್ಟಿಂಗ್. ತಯಾರಿ ಹೇಗೆ? ಲೇಬರ್ ರೂಮಿನಲ್ಲಿ ಕನಿಷ್ಠ ಎಷ್ಟು ಪಿವಿ (ಯೋನಿಯೊಳಗೆ ಬೆರಳು ಹಾಕಿ ಮಾಡುವ ಪರೀಕ್ಷೆ) ಮಾಡಿದರೆ ಕೈ ಪಳಗುತ್ತದೆ?

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಶಿವಮೊಗ್ಗದಲ್ಲಿ ಪೋಸ್ಟಿಂಗ್ ಮಳೆಗಾಲಕ್ಕೆ ಬಿದ್ದರೆ ಮೂರು ಏಪ್ರನ್ ಇಟ್ಟುಕೊಳ್ಳಿ. ಆರಿದ್ರಾ ಮಳೆ ಹಿಡಿದರೆ ಒಗೆದದ್ದು ಒಣಗುವ ಮಾತೇ ಇಲ್ಲ. ಸೆಕೆಂಡ್ ಮುಳ್ಳಿನ ಗಡಿಯಾರ ಬೇಕು, ಆದರೆ ಮಣಿಕಟ್ಟಿಗಲ್ಲ, ಜೇಬಿಗೆ. ಟೈಲರ್ ಟೇಪು, ಸ್ಟೆತ್, ಸಣ್ಣ ನೋಟ್‌ಬುಕ್. ತಿಂಡಿ ತಿಂದೇ ಹೋಗಿ. ಕಣ್ಣು ಕತ್ತಲೆ ಬಂದರೆ ಮರ್ಯಾದೆ ನೋಡದೆ ನೆಲಕ್ಕೆ ಕೂತುಬಿಡಿ, ಸ್ಟೆರೈಲ್ ಟ್ರಾಲಿಯ ಮೇಲೆ ಬೀಳುವುದಕ್ಕಿಂತ ಅದು ವಾಸಿ. ಓದಲಿಕ್ಕೆ ನಾಲ್ಕು ವಿಷಯ ಸಾಕು: ಸಾಮಾನ್ಯ ಹೆರಿಗೆ, ರಕ್ತಹೀನತೆ, ಬಿಪಿ ಏರಿದ ಬಸುರಿ, ಹೆರಿಗೆಯಾದ ಮೇಲಿನ ರಕ್ತಸ್ರಾವ. ಉಳಿದದ್ದನ್ನು ವಾರ್ಡೇ ಓದಿಸುತ್ತದೆ.

ಇನ್ನು ಆ ಪಿವಿ ಲೆಕ್ಕ. ಪ್ರತಿ ಬ್ಯಾಚೂ ಇದನ್ನೇ ಕೇಳುತ್ತದೆ. ಸೀನಿಯರ್ ಯಾರೋ 'ನಾನು ಇಪ್ಪತ್ತು ಮಾಡಿದೆ' ಅಂದಿರುತ್ತಾರೆ, ಜೂನಿಯರ್‌ಗೆ ಅದೇ ಗುರಿ. ಇದು ತಪ್ಪು ಎಂದು ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಮತ್ತೆ ಚಿಗುರುತ್ತದೆ, ತೋಟದ ಕಳೆ ಹಾಗೆ.

ಹೆರಿಗೆಯ ಮೊದಲ ಹಂತದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಾಲ್ಕು ಗಂಟೆಗೊಂದು ಪಿವಿ. ಅಂದರೆ ಎಂಟು ಗಂಟೆ ಬೇನೆ ತಿನ್ನುವ ಹೆಂಗಸಿಗೆ ಎರಡು, ಮೂರು. ಆ ಮಂಚದ ಸುತ್ತ ಐದು ಜನ ವಿದ್ಯಾರ್ಥಿಗಳು 'ನಾನೂ ಒಂದು ನೋಡ್ತೀನಿ' ಎಂದರೆ ಲೆಕ್ಕ ಎಲ್ಲಿಗೆ ಹೋಯಿತು? ನೀರು ಒಡೆದ ಮೇಲೆ ಒಳಹೋಗುವ ಪ್ರತಿ ಬೆರಳೂ ಯೋನಿಯ ಕ್ರಿಮಿಯನ್ನು ಮೇಲಕ್ಕೆ ತಳ್ಳುತ್ತದೆ. ತಾಯಿಗೆ ಜ್ವರ, ಮಗುವಿಗೆ ಸೋಂಕು. ಬೇನೆ ಶುರುವಾಗುವ ಮೊದಲೇ ನೀರು ಹೋಗಿದ್ದರೆ ಬೆರಳು ಹಾಕುವ ಹಾಗೇ ಇಲ್ಲ, ಸ್ಟೆರೈಲ್ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ನೋಡುವ ಉಪಕರಣ) ಹಾಕಿ ನೋಡಬೇಕು. ರಕ್ತ ಹೋಗುತ್ತಿರುವ ತುಂಬು ಬಸುರಿಗಂತೂ, ಮಾಸು ಕೆಳಗಿಲ್ಲ ಎಂದು ಸ್ಕ್ಯಾನ್ ಹೇಳುವ ತನಕ ಗ್ಲೌಸ್ ಬಿಚ್ಚಿಡಿ. ಕೆಳಗೆ ಕೂತ ಮಾಸಿಗೆ ಬೆರಳು ತಗುಲಿದರೆ ರಕ್ತ ಮಡುಗಟ್ಟಲು ನಿಮಿಷಗಳು ಸಾಕು. ಆ ಹೆಂಗಸಿನ ಒಪ್ಪಿಗೆ ಕೇಳದೆ ಮಾಡುವ ಪಿವಿ ಕಲಿಕೆಯೇ ಅಲ್ಲ, ಅದರ ಬಗ್ಗೆ ಚರ್ಚೆ ಬೇಡ.

ಇಷ್ಟಾಗಿ, ಪಿವಿ ಒಂದನ್ನೇ ನಂಬಿದರೆ ಅದು ಮೋಸವನ್ನೂ ಮಾಡುತ್ತದೆ. ಎಳೆದಾಡಿದ ಹೆರಿಗೆಯಲ್ಲಿ ಮಗುವಿನ ನೆತ್ತಿ ಊದಿಕೊಳ್ಳುತ್ತದೆ, ಅದಕ್ಕೆ ಕ್ಯಾಪಟ್ ಎನ್ನುತ್ತಾರೆ. ಬೆರಳಿಗೆ ಸಿಗುವುದು ಆ ಊತ. 'ತಲೆ ಸ್ಪೈನ್ (ಸೊಂಟದೆಲುಬಿನ ಒಳಮುಳ್ಳು) ಮಟ್ಟಕ್ಕೆ ಬಂದಿದೆ, ಜೀರೋ ಸ್ಟೇಷನ್' ಎಂದು ಬರೆದುಬಿಡುತ್ತೀರಿ. ಹೊಟ್ಟೆಯ ಮೇಲೆ ಕೈಯಿಟ್ಟರೆ ತಲೆ ಐದರಲ್ಲಿ ಮೂರು ಪಾಲು ಇನ್ನೂ ಮೇಲೇ ಇರುತ್ತದೆ. ಯಾರನ್ನು ನಂಬಬೇಕು? ಹೊಟ್ಟೆಯನ್ನು.

ಹಾಗಾಗಿ ಕೈ ಪಳಗಬೇಕಾದದ್ದು ಹೊಟ್ಟೆಯ ಮೇಲೆ, ಅದೂ ಬಸುರಿಯರ ತಪಾಸಣೆ ನಡೆಯುವ ಎಎನ್‌ಸಿ ಓಪಿಡಿಯಲ್ಲಿ. ಬಸುರಿಗೆ ಮೂತ್ರಕ್ಕೆ ಹೋಗಿ ಬರಲು ಹೇಳಿ. ತುಂಬಿದ ಮೂತ್ರಕೋಶ ಅಳತೆಯನ್ನೂ ಕೆಡಿಸುತ್ತದೆ, ತಲೆಯನ್ನೂ ಮರೆಮಾಡುತ್ತದೆ. ಮೊಣಕಾಲು ಸ್ವಲ್ಪ ಮಡಚಿಸಿ, ನೀವು ಬಲಗಡೆ ನಿಂತು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಆಮೇಲೆ ಏನೂ ಸಿಗುವುದಿಲ್ಲ. ಬಲಕ್ಕೆ ವಾಲಿದ ಗರ್ಭಕೋಶವನ್ನು ನಡುವಿಗೆ ತಂದು ಎಡಗೈಯ ಅಂಚಿನಿಂದ ಫಂಡಸ್ (ಗರ್ಭಕೋಶದ ಮೇಲ್ತುದಿ) ಗುರುತಿಸಿ. ಕಾಲು ನೇರ ಮಾಡಿಸಿ, ಅಲ್ಲಿಂದ ಪ್ಯೂಬಿಕ್ ಎಲುಬಿನ ಮೇಲಂಚಿನ ತನಕ ಟೇಪು ಹಿಡಿಯಿರಿ. ಟೇಪಿನ ಸೆಂಟಿಮೀಟರ್ ಮುಖ ಕೆಳಗಿರಲಿ, ಅಳೆದ ಮೇಲೆ ತಿರುಗಿಸಿ ನೋಡಿ, ಇಲ್ಲವಾದರೆ ಕಣ್ಣು ತನಗೆ ಬೇಕಾದ ಅಂಕಿಯನ್ನೇ ಓದುತ್ತದೆ. 24ರಿಂದ 36 ವಾರದವರೆಗೆ ಸೆಂಟಿಮೀಟರೂ ವಾರವೂ ಹೆಚ್ಚುಕಡಿಮೆ ಒಂದೇ, ಎರಡರ ವ್ಯತ್ಯಾಸ ಸರಿ. ತಲೆ ಎಷ್ಟು ಇಳಿದಿದೆ ಎಂಬುದಕ್ಕೆ ಪ್ಯೂಬಿಕ್ ಎಲುಬಿನ ಮೇಲೆ ಬೆರಳು ಜೋಡಿಸಿ: ಐದೂ ಬೆರಳಿಗೆ ತಲೆ ಸಿಕ್ಕರೆ ಇಳಿದೇ ಇಲ್ಲ, ಎರಡಕ್ಕೆ ಅಥವಾ ಅದಕ್ಕೂ ಕಡಿಮೆಗೆ ಸಿಕ್ಕರೆ ಕೂತಿದೆ. ಬೇನೆಯನ್ನು ಫಂಡಸ್ ಮೇಲೆ ಕೈಯಿಟ್ಟು ಪೂರ್ತಿ ಹತ್ತು ನಿಮಿಷ ಎಣಿಸಿ. ಎಷ್ಟು ಸಲ ಬಂತು, ಒಂದೊಂದು ಎಷ್ಟು ಸೆಕೆಂಡ್. ಎರಡು ನಿಮಿಷ ನಿಂತು ಐದರಿಂದ ಗುಣಿಸುವವರು ಸಿಸ್ಟರ್ ಕಣ್ಣಿಗೆ ಕೂಡಲೇ ಸಿಕ್ಕಿಬೀಳುತ್ತಾರೆ.

ಡೈಲಟೇಷನ್ನಿನ, ಅಂದರೆ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂಬುದರ, ಅಂದಾಜು ಹಾಸ್ಟೆಲ್ಲಿನಲ್ಲೇ ಆಗಬೇಕು. ರಟ್ಟಿನಲ್ಲಿ 3, 5, 7, 10 ಸೆಂಟಿಮೀಟರ್ ಅಗಲದ ತೂತು ಕತ್ತರಿಸಿ, ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಅಳೆದು ಹೇಳಿ. ಒಂದೇ ಸೆಂಟಿಮೀಟರ್ ತಪ್ಪೂ ಬಾರದಂತಾದ ಮೇಲೆ, ಮೇಡಂ ಪಕ್ಕದಲ್ಲಿದ್ದಾಗ ಒಂದೆರಡು ಪಿವಿ ಸಾಕೇ ಸಾಕು.

ಯಾರೂ ಕೇಳದ ಇನ್ನೊಂದು ಮಾತು, ಕೇಳಬೇಕಿತ್ತು: ಎಲ್‌ಎಂಪಿ ತಾರೀಖು, ಅಂದರೆ ಕೊನೆಯ ಮುಟ್ಟು ಶುರುವಾದ ದಿನ. ನಮ್ಮ ಕಡೆ ಅದು ತಾರೀಖಾಗಿ ಸಿಗುವುದು ಕಡಿಮೆ. 'ಗೌರಿ ಹಬ್ಬದ ದಿನವೇ ಹೊರಗಾದೆ, ಬಾಗಿನ ಕೊಡೋಕ್ಕಾಗ್ಲಿಲ್ಲ' ಎಂದರೆ ಚಿನ್ನದಂಥ ಹಿಸ್ಟರಿ. ತಪ್ಪಿದ ಪೂಜೆಯನ್ನು ಯಾರೂ ಮರೆಯುವುದಿಲ್ಲ. 2025ರ ಗೌರಿ ಹಬ್ಬ ಆಗಸ್ಟ್ 26, ಒಂಬತ್ತು ತಿಂಗಳು ಏಳು ದಿನ ಸೇರಿಸಿ, ಇಡಿಡಿ (ಹೆರಿಗೆಯ ಅಂದಾಜು ದಿನ) 2026ರ ಜೂನ್ 2. 'ಅಡಿಕೆ ಕೊಯ್ಲು ನಡೀತಿತ್ತು' ಎಂದರೆ ಮಾತ್ರ ಪ್ರಯೋಜನವಿಲ್ಲ, ಕೊಯ್ಲು ತಿಂಗಳುಗಟ್ಟಲೆ ನಡೆಯುತ್ತದೆ. 'ಮೊದಲ ಕೊಯ್ಲೋ, ಕೊನೆಯದೋ ಅಕ್ಕಾ?' ಎಂದು ಕೆದಕಿ. ಇನ್ನೊಂದು ಗುಂಡಿ ಇದೆ: 'ಕೊನೆ ಮುಟ್ಟು ಯಾವಾಗ?' ಎಂದರೆ ಕೆಲವರು ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿದ್ದನ್ನು ಹೇಳುತ್ತಾರೆ, ಕೆಲವರು ಮುಟ್ಟು ತಪ್ಪಿದ ತಿಂಗಳನ್ನು. ಮೊದಲನೆಯದಕ್ಕೆ ಮೂರು ದಿನ ಕಳೆಯಬೇಕು. ಎರಡನೆಯದು ನಾಲ್ಕು ವಾರ ಆಚೀಚೆ. 'ಕೊನೇ ಸಲ ಮುಟ್ಟಾಗಿದ್ದು ಶುರುವಾದ ದಿನ' ಎಂದೇ ಕೇಳಿ. ತಿಂಗಳ ಸುತ್ತು 35 ದಿನದ್ದಾದರೆ ಇನ್ನೂ ಏಳು ದಿನ ಸೇರಿಸಿ. ಆಮೇಲೆ ತಾಯಿ ಕಾರ್ಡ್ ಬಿಡಿಸಿ 11ರಿಂದ 13 ವಾರದ ಸ್ಕ್ಯಾನ್ ಹುಡುಕಿ. ಅದಕ್ಕೂ ನಿಮ್ಮ ಲೆಕ್ಕಕ್ಕೂ ಏಳು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಸ್ಕ್ಯಾನ್ ತಾರೀಖನ್ನೇ ಹಿಡಿಯಿರಿ. ಎಂಟನೇ ತಿಂಗಳ ಸ್ಕ್ಯಾನ್ ತೋರಿಸಿ ತಾರೀಖು ಬದಲಿಸಲು ಹೊರಟರೆ ವೈವಾದಲ್ಲಿ ಉಗಿಸಿಕೊಳ್ಳುತ್ತೀರಿ.