18 ಮತ್ತು 21ರ ನಡುವೆ: ಮದ್ಯದ ವಯಸ್ಸಿನ ಅರ್ಧ ಮುಗಿದ ಜಗಳ

2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಬಕಾರಿ ನಿಯಮಗಳಿಗೆ ಒಂದು ಕರಡು ತಿದ್ದುಪಡಿಯನ್ನು ಹೊರಡಿಸಿತು. ಮದ್ಯ ಮಾರುವವರು ಪಾಲಿಸಬೇಕಾದ ಷರತ್ತಿನಲ್ಲಿ ‘ಇಪ್ಪತ್ತೊಂದು ವರ್ಷ’ ಎಂದಿದ್ದ ಕಡೆ ‘ಹದಿನೆಂಟು ವರ್ಷ’ ಎಂದು ಬದಲಾಯಿಸುವುದು ಅದರ ತಿರುಳು. ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನಗಳ ಅವಕಾಶವಿತ್ತು. ಅಷ್ಟು ದಿನ ಕಾಯುವ ಅಗತ್ಯವೇ ಬೀಳಲಿಲ್ಲ. ಪೋಷಕರಿಂದಲೂ ಮಾಧ್ಯಮಗಳಿಂದಲೂ ವಿರೋಧ ಭುಗಿಲೆದ್ದು, ತಿಂಗಳು ಮುಗಿಯುವ ಮೊದಲೇ ಸರ್ಕಾರ ಕರಡನ್ನು ಹಿಂಪಡೆಯಿತು. ವಿಧಾನಸಭೆ ಚುನಾವಣೆ ಹತ್ತಿರದಲ್ಲಿತ್ತು. ಸುದ್ದಿ ಅಲ್ಲಿಗೆ ತಣ್ಣಗಾಯಿತು.

ಹಿಂಪಡೆದದ್ದು ಸರಿಯಾಯಿತು ಎಂದೇ ನಾನು ನಂಬಿದ್ದೇನೆ. ಆದರೆ ಆ ಕರಡು ಹುಟ್ಟಲು ಕಾರಣವಾದ ತೊಡಕು ಮಾತ್ರ ಇದ್ದಲ್ಲೇ ಉಳಿಯಿತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಂ ಹದಿನೆಂಟು ತುಂಬದವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಅದೇ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ 1967ರ ಪರವಾನಗಿ ಷರತ್ತುಗಳ ನಿಯಮ ಇಪ್ಪತ್ತೊಂದು ತುಂಬದವರಿಗೆ ಮಾರಬಾರದು ಎನ್ನುತ್ತದೆ. ತಾಯಿ ಕಾಯ್ದೆಯಲ್ಲಿ ಒಂದು ಅಂಕಿ, ಅದರಿಂದ ಹುಟ್ಟಿದ ನಿಯಮದಲ್ಲಿ ಇನ್ನೊಂದು. ಈ ವ್ಯತ್ಯಾಸವನ್ನು ನಿವಾರಿಸುತ್ತೇವೆ ಎಂಬುದೇ 2023ರಲ್ಲಿ ಇಲಾಖೆ ಮುಂದಿಟ್ಟ ಸಮರ್ಥನೆ. ಕಾಯ್ದೆಯ ಅಂಕಿಯನ್ನು 21ಕ್ಕೆ ಏರಿಸಿದರೂ ವ್ಯತ್ಯಾಸ ಹೋಗುತ್ತಿತ್ತು. ಇಳಿಸುವ ದಾರಿಯನ್ನೇ ಏಕೆ ಹಿಡಿದರು ಎಂದು ಅಂದು ಕೇಳಿದವರು ಕಡಿಮೆ.

ಏಕೀಕರಣದ ಹೊತ್ತಿಗೆ ಮದ್ಯದ ವಿಷಯದಲ್ಲಿ ನಾಡು ಒಂದೇ ಆಗಿರಲಿಲ್ಲ. ಮುಂಬೈ ಪ್ರಾಂತ್ಯದಿಂದ ಬಂದ ಜಿಲ್ಲೆಗಳು 1949ರ ಮುಂಬೈ ಪಾನನಿರೋಧ ಕಾಯ್ದೆಯನ್ನು ಹೊತ್ತು ತಂದವು. ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ ಅಲ್ಲಿನ ಪಾನನಿರೋಧವನ್ನು ಕಂಡಿತ್ತು. ಸಂವಿಧಾನದ 47ನೇ ವಿಧಿ ಪಾನನಿರೋಧದತ್ತ ಸಾಗಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಏಳನೇ ಅನುಸೂಚಿ ಮದ್ಯದ ನಿಯಂತ್ರಣವನ್ನೂ ಅದರ ಮೇಲಿನ ಸುಂಕವನ್ನೂ ಅದೇ ರಾಜ್ಯಗಳ ಕೈಗೆ ಕೊಡುತ್ತದೆ. ಅರವತ್ತರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟು ಪರವಾನಗಿಯ ದಾರಿ ಹಿಡಿಯಿತು. ನಮ್ಮ ಎರಡು ಅಂಕಿಗಳು ಈ ತಿರುವಿನ ಕೂಸುಗಳು. ಹದಿನೆಂಟು ಎಂಬುದು 1875ರ ಪ್ರಾಪ್ತವಯಸ್ಸಿನ ಕಾಯ್ದೆಯ ಕಾಲದಿಂದ ಬಂದ ಲೆಕ್ಕ. ಇಪ್ಪತ್ತೊಂದು ಎಂಬುದು ಆ ದಿನಗಳಲ್ಲಿ ಮತ ಹಾಕುವ ವಯಸ್ಸೂ ಆಗಿತ್ತು.

ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಮತದಾನದ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿತು. ಅಂದಿನಿಂದ ಯುವಕರ ಬಾಯಲ್ಲಿ ಒಂದು ಪ್ರಶ್ನೆ ನೆಲೆಯೂರಿದೆ: ಸರ್ಕಾರವನ್ನು ಆರಿಸಬಲ್ಲೆ, ವಾಹನ ಓಡಿಸಬಲ್ಲೆ, ಸೈನ್ಯಕ್ಕೆ ಸೇರಬಲ್ಲೆ; ಒಂದು ಬಿಯರ್ ಕೊಳ್ಳಲು ಮಾತ್ರ ಏಕೆ ಆಗದು? ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೆ ‘ನಮ್ಮ ಸಂಸ್ಕೃತಿ ಒಪ್ಪುವುದಿಲ್ಲ’ ಎಂದು ಉತ್ತರಿಸುವುದು ಸುಳ್ಳಿನ ಉತ್ತರ. ಕೊಡಗಿನಲ್ಲಿ ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಮದ್ಯದ ಎಡೆ ಇಡುತ್ತಾರೆ, ಕರಾವಳಿಯ ದೈವಗಳಿಗೆ ಶೇಂದಿ ಸಲ್ಲುತ್ತದೆ, ಬಯಲುಸೀಮೆಯ ಹಲವು ಗ್ರಾಮದೇವತೆಗಳಿಗೂ ಮದ್ಯ ವರ್ಜ್ಯವಲ್ಲ. ಇದೇ ಪ್ರಶ್ನೆಯನ್ನು ನಮಗಿಂತ ಮೊದಲು ಕೇಳಿ, ಅದರಂತೆ ನಡೆದು, ಫಲವನ್ನು ಲೆಕ್ಕ ಹಾಕಿದ ದೇಶಗಳಿವೆ. ಉತ್ತರವನ್ನು ಅಲ್ಲಿ ಹುಡುಕಬಹುದು.

ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ವಿಯೆಟ್ನಾಂ ಯುದ್ಧಕ್ಕೆ ಹದಿನೆಂಟರ ಹುಡುಗರನ್ನು ಕಳುಹಿಸುತ್ತಿದ್ದ ಕಾಲವದು. ಯುದ್ಧದಲ್ಲಿ ಸಾಯಬಲ್ಲವನು ಕುಡಿಯಬಾರದೇಕೆ ಎಂಬ ವಾದದ ಮುಂದೆ ನಿಲ್ಲುವುದು ರಾಜಕಾರಣಿಗಳಿಗೆ ಕಷ್ಟವಾಯಿತು. 1970ರಿಂದ 1975ರೊಳಗೆ 29 ರಾಜ್ಯಗಳು ಕುಡಿಯುವ ವಯಸ್ಸನ್ನು ಇಳಿಸಿದವು. ಬೆನ್ನಿಗೇ ಹದಿಹರೆಯದವರ ರಸ್ತೆ ಅಪಘಾತಗಳು ಹೆಚ್ಚಿದವು. ಒಂದು ರಾಜ್ಯದಲ್ಲಿ 21, ಪಕ್ಕದ ರಾಜ್ಯದಲ್ಲಿ 18 ಇದ್ದಲ್ಲಿ ಹುಡುಗರು ಗಡಿ ದಾಟಿ ಹೋಗಿ ಕುಡಿದು, ಕತ್ತಲಲ್ಲಿ ಕಾರು ಓಡಿಸಿಕೊಂಡು ಮರಳುತ್ತಿದ್ದರು. ಅಂಥ ಗಡಿಗಳಿಗೆ ಅಲ್ಲಿನ ಜನ ರಕ್ತದ ಗಡಿಗಳೆಂದೇ ಹೆಸರಿಟ್ಟರು.

1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಕಾರು ಓಡಿಸಿದವನೊಬ್ಬ 13 ವರ್ಷದ ಬಾಲಕಿಯನ್ನು ಬಲಿ ತೆಗೆದುಕೊಂಡ. ಆಕೆಯ ತಾಯಿ ಕ್ಯಾಂಡಿ ಲೈಟ್ನರ್ ಕುಡಿದು ವಾಹನ ಓಡಿಸುವವರ ವಿರುದ್ಧ ತಾಯಂದಿರ ಸಂಘಟನೆಯೊಂದನ್ನು ಕಟ್ಟಿದರು. ಸಂಘಟನೆ ದೇಶದ ಉದ್ದಗಲಕ್ಕೂ ಬೆಳೆಯಿತು. 1984ರ ಜುಲೈನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನಿನ ಹಿಂದೆ ಆ ತಾಯಂದಿರ ಒತ್ತಡವಿತ್ತು. ಕುಡಿಯುವ ವಯಸ್ಸನ್ನು ನಿರ್ಧರಿಸುವ ಅಧಿಕಾರ ಅಲ್ಲಿಯೂ ರಾಜ್ಯಗಳದ್ದು. ಹಾಗಾಗಿ ಕೇಂದ್ರ ಸರ್ಕಾರ ನೇರವಾಗಿ ಆದೇಶಿಸದೆ, 21 ಎಂದು ನಿಗದಿ ಮಾಡದ ರಾಜ್ಯಗಳ ಹೆದ್ದಾರಿ ಅನುದಾನಕ್ಕೆ ಕತ್ತರಿ ಹಾಕುತ್ತೇನೆಂದಿತು. ದಕ್ಷಿಣ ಡಕೋಟಾ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. 1988ರ ಹೊತ್ತಿಗೆ ಐವತ್ತೂ ರಾಜ್ಯಗಳು 21ಕ್ಕೆ ಬಂದಿದ್ದವು. 1975ರಿಂದ 2017ರವರೆಗೆ ಈ ವಯೋಮಿತಿಯಿಂದ 31,000ಕ್ಕೂ ಹೆಚ್ಚು ಜೀವಗಳು ಉಳಿದಿವೆ ಎಂಬುದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು. 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು ಈ ವಯೋಮಿತಿಯನ್ನು ಮತ್ತೆ ಚರ್ಚೆಗೆ ತರಬೇಕೆಂದು ಕೇಳಿದರು. ನಿಷೇಧದಿಂದಾಗಿ ವಿದ್ಯಾರ್ಥಿಗಳು ಕದ್ದುಮುಚ್ಚಿ, ವಿಪರೀತವಾಗಿ ಕುಡಿಯುತ್ತಾರೆ ಎಂಬುದು ಅವರ ವಾದ. ಕಾನೂನು ಬದಲಾಗಲಿಲ್ಲ.

ನ್ಯೂಜಿಲೆಂಡ್ 1999ರಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. ಅಲ್ಲಿನ ಸಂಶೋಧಕರ ಲೆಕ್ಕದಲ್ಲಿ ಅಪಘಾತದ ಗಾಯಗಳು 18–19ರವರಲ್ಲಷ್ಟೇ ಅಲ್ಲ, ಕಾನೂನು ಮುಟ್ಟದೇ ಬಿಟ್ಟಿದ್ದ 15ರಿಂದ 17ರವರಲ್ಲೂ ಹೆಚ್ಚಿದ್ದವು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಸಂಗತಿ ಇದು. ಹದಿನೆಂಟರವನ ಗೆಳೆಯರು ಹದಿನಾರರವರು. ಇಬ್ಬರೂ ಒಂದೇ ಕಾಲೇಜಿನ ಮೈದಾನದಲ್ಲಿ ಆಡುತ್ತಾರೆ. ಅಂಗಡಿಯಲ್ಲಿ ಕೊಂಡವನು ಒಬ್ಬನಾದರೂ ಬಾಟಲಿ ನಾಲ್ವರ ಕೈ ದಾಟುತ್ತದೆ. ನಮ್ಮಲ್ಲಿ ಹದಿನೆಂಟು ಎಂದರೆ ಪಿಯುಸಿ ಮುಗಿಯುವ ವಯಸ್ಸು; ಅಂಕಿಯನ್ನು ಅಲ್ಲಿಗೆ ತಂದರೆ ಮದ್ಯ ಪಿಯು ತರಗತಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ದೇಹದ ಲೆಕ್ಕವೂ ಇದೆ. ಆತುರವನ್ನು ತಡೆದು ಮುಂದಿನದನ್ನು ಯೋಚಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ದಶಕದ ನಡುವಿನವರೆಗೂ ಸಮಯ ಬೇಕು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 15 ತುಂಬುವ ಮೊದಲೇ ಕುಡಿಯಲು ಆರಂಭಿಸಿದವರಲ್ಲಿ ಸುಮಾರು 40 ಶೇಕಡಾ ಮಂದಿ ಬದುಕಿನ ಯಾವುದೋ ಹಂತದಲ್ಲಿ ವ್ಯಸನಕ್ಕೆ ಬಿದ್ದಿದ್ದರು. ಇಪ್ಪತ್ತರವರೆಗೆ ಕಾದವರಲ್ಲಿ ಅದು ಹತ್ತು ಶೇಕಡಾದಷ್ಟು. ಮನೆಯ ವಾತಾವರಣ, ಬಡತನ, ಆನುವಂಶಿಕತೆ ಕೂಡ ಇದರಲ್ಲಿ ಸೇರಿಕೊಂಡಿವೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೂ ತಂದೆಯ ಕುಡಿತ ನೋಡುತ್ತ ಬೆಳೆದ ಹುಡುಗನಿಗೇ ಮೂರು ನಾಲ್ಕು ವರ್ಷಗಳ ತಡೆ ಹೆಚ್ಚು ಬೇಕು ಎಂಬುದನ್ನು ಆ ಆಕ್ಷೇಪವೇ ತೋರಿಸುತ್ತದೆ.

ಮನೆಯಲ್ಲೇ ಸ್ವಲ್ಪ ರುಚಿ ತೋರಿಸಿ ಮಿತಿ ಕಲಿಸೋಣ, ಯುರೋಪಿನವರು ಹಾಗೆ ಮಾಡುತ್ತಾರಲ್ಲ ಎನ್ನುವ ತಂದೆತಾಯಂದಿರು ಈಗ ನಗರಗಳಲ್ಲಿ ಹೆಚ್ಚುತ್ತಿದ್ದಾರೆ. ಅವರ ಕಳಕಳಿ ನಿಜವಾದದ್ದು. ಆದರೆ ಆ ಯುರೋಪಿನಲ್ಲೇ ಫ್ರಾನ್ಸ್ 2009ರಲ್ಲಿ ಹದಿನೆಂಟರೊಳಗಿನವರಿಗೆ ಮದ್ಯ ಮಾರುವುದನ್ನು ಪೂರ್ತಿ ನಿಲ್ಲಿಸಿತು. ಅಲ್ಲಿಯವರೆಗೆ ವೈನ್, ಬಿಯರ್ ಹದಿನಾರಕ್ಕೇ ಸಿಗುತ್ತಿದ್ದವು. ಐಸ್‌ಲೆಂಡಿನಲ್ಲಿ 1998ರಲ್ಲಿ 15–16ರ ಮಕ್ಕಳ ಪೈಕಿ 42 ಶೇಕಡಾ ಮಂದಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವೆಂದು ಹೇಳಿದ್ದರು. 2016ರಲ್ಲಿ ಆ ಪ್ರಮಾಣ 5 ಶೇಕಡಾಕ್ಕೆ ಇಳಿದಿತ್ತು. ಇಪ್ಪತ್ತರ ವಯೋಮಿತಿಯನ್ನು ಕೈಬಿಡದೆ, ಸಂಜೆಯ ಹೊತ್ತಿಗೆ ಕ್ರೀಡೆ, ಸಂಗೀತ ಒದಗಿಸಿ, ಮಕ್ಕಳು ತಡರಾತ್ರಿ ಹೊರಗಿರದಂತೆ ಪೋಷಕರನ್ನು ಒಂದುಗೂಡಿಸಿ ಸಾಧಿಸಿದ್ದು ಅದು. ನಮ್ಮಲ್ಲಂತೂ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಹದಿನೆಂಟರೊಳಗಿನ ಮಗುವಿಗೆ ಮದ್ಯ ಕೊಡುವವರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆಯೂ ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಕೊಟ್ಟವರು ಯಾರೇ ಆದರೂ ಅಪರಾಧವೇ. ಈ ಕಲಂ ಇದೆಯೆಂದು ಎಷ್ಟು ಮನೆಗಳಿಗೆ ಗೊತ್ತು?

ಭಾರತದ ನಕ್ಷೆಯಲ್ಲಿ ಈ ಅಂಕಿ ಊರಿಗೊಂದು ಬಣ್ಣದಲ್ಲಿದೆ. ಗೋವಾದಲ್ಲಿ 18. ಕೇರಳ 2017ರಲ್ಲಿ 21ರಿಂದ 23ಕ್ಕೆ ಏರಿಸಿತು. ಹರಿಯಾಣ 2021ರಲ್ಲಿ 25ರಿಂದ 21ಕ್ಕೆ ಇಳಿಸಿತು. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ಕಠಿಣ ಮದ್ಯಕ್ಕೆ 25. ಕಾರವಾರದ ಹತ್ತೊಂಬತ್ತರ ಹುಡುಗನಿಗೆ ತನ್ನ ಊರಿನಲ್ಲಿ ಕೊಡಬಾರದ್ದನ್ನು ಗೋವಾ ಗಡಿಯ ಮಾಜಾಳಿ ತಪಾಸಣಾ ಠಾಣೆ ದಾಟಿದೊಡನೆ ಕಾನೂನುಬದ್ಧವಾಗಿ ಕೊಡಬಹುದು. ಅವನು ಬೈಕಿನಲ್ಲೇ ಮರಳಬೇಕು. ಅಮೆರಿಕ ಎಪ್ಪತ್ತರ ದಶಕದಲ್ಲಿ ಕಂಡ ಗಡಿ ನಮ್ಮಲ್ಲಿ ಇಂದಿಗೂ ಇದೆ.

ಅಂಕಿ ಎಷ್ಟು ದೊಡ್ಡದಿದ್ದರೂ ಗಲ್ಲಾಪೆಟ್ಟಿಗೆಯ ಮುಂದೆ ಯಾರೂ ಗುರುತಿನ ಚೀಟಿ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮೇ 19ರ ನಸುಕಿನಲ್ಲಿ ಪುಣೆ ನೋಡಿತು. ಪಬ್‌ಗಳಲ್ಲಿ ಮದ್ಯ ಸೇವಿಸಿದ್ದನೆಂದು ಪೊಲೀಸರು ಹೇಳಿದ 17ರ ಹುಡುಗ ಓಡಿಸುತ್ತಿದ್ದ ಐಷಾರಾಮಿ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿನ ಜಾಮೀನು ದೇಶದಾದ್ಯಂತ ಆಕ್ರೋಶ ಎಬ್ಬಿಸಿತು. ಆಕ್ರೋಶದ ಹೆಚ್ಚಿನ ಪಾಲು ಹುಡುಗನ ಶ್ರೀಮಂತಿಕೆಯ ಮೇಲೆ ಹೋಯಿತು. ಅವನಿಗೆ ಮದ್ಯ ತಂದಿಟ್ಟ ಮೇಜಿನ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ, ಮದ್ಯ ಮಾರುವಲ್ಲಿ ವಯಸ್ಸಿನ ತಪಾಸಣೆಯನ್ನು ಕಡ್ಡಾಯಗೊಳಿಸಬೇಕೆಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೇಂದ್ರದ ಉತ್ತರ ಕೇಳಿತು.

ಇಲ್ಲಿಗೆ ಬಂದಾಗ ನನ್ನ ಸಿಟ್ಟು ಹುಡುಗರ ಮೇಲಲ್ಲ, ಸರ್ಕಾರದ ಮೇಲೆ. ಹಳ್ಳಿಗಳ ಮನೆ ಮುರಿಯುತ್ತಿದೆಯೆಂದು 2007ರ ಜುಲೈನಲ್ಲಿ ಸಾರಾಯಿಯನ್ನು ನಿಷೇಧಿಸಿದ ರಾಜ್ಯದಲ್ಲಿ ಇಂದು 90 ಮಿಲಿಲೀಟರಿನ ಟೆಟ್ರಾ ಪ್ಯಾಕ್ ಶಾಲಾ ಬ್ಯಾಗಿನಲ್ಲೂ ಅಡಗುವಷ್ಟು ಚಿಕ್ಕದಾಗಿ ಮಾರಾಟವಾಗುತ್ತಿದೆ. 2023–24ಕ್ಕೆ ಅಬಕಾರಿಯಿಂದ 36,000 ಕೋಟಿ ರೂಪಾಯಿ ಗುರಿ ಇಟ್ಟಿದ್ದ ಬಜೆಟ್, 2025–26ಕ್ಕೆ ಅದನ್ನು 40,000 ಕೋಟಿಗೆ ಏರಿಸಿತು. ಅಧಿಕಾರಿಗಳ ಮುಂದೆ ಇಂಥ ಗುರಿ ಇಟ್ಟ ಮೇಲೆ, ಹತ್ತೊಂಬತ್ತರ ಗಿರಾಕಿಯನ್ನು ವಾಪಸು ಕಳುಹಿಸುವ ಅಂಗಡಿಯವನನ್ನು ಮೆಚ್ಚುವ ಮನಸ್ಸು ಅವರಿಗೆಲ್ಲಿಂದ ಬರಬೇಕು?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. 36ನೇ ಕಲಮಿನ ಹದಿನೆಂಟನ್ನು ವಿಧಾನಸಭೆ ಇಪ್ಪತ್ತೊಂದಕ್ಕೆ ಏರಿಸಿದರೆ ನಿಯಮವೂ ಕಾಯ್ದೆಯೂ ಒಂದಾಗುತ್ತವೆ. ಗುರುತಿನ ಚೀಟಿ ನೋಡದೆ ಮಾರಿದ ಅಂಗಡಿ, ಬಾರು, ಪಬ್ಬುಗಳ ಪರವಾನಗಿ ಅಮಾನತಾಗಬೇಕು, ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳದ್ದೂ ಸೇರಿದಂತೆ. ಪ್ರತಿ ಜಿಲ್ಲೆಯಲ್ಲಿ ವರ್ಷಕ್ಕೆ ಎಷ್ಟು ಪರವಾನಗಿಗಳು ಈ ಕಾರಣಕ್ಕೆ ಅಮಾನತಾದವು ಎಂಬ ಪಟ್ಟಿಯನ್ನು ಅಬಕಾರಿ ಇಲಾಖೆ ತನ್ನ ಆದಾಯದ ಅಂಕಿಗಳ ಪಕ್ಕದಲ್ಲೇ ಪ್ರಕಟಿಸಬೇಕು.